ಮೌತ್ ಆರ್ಗನ್ ಊದಿದರೆ ಬರುವ ಅಪ್ಪ



ಈ ಸಲದ ಗೋಡೆ ಪತ್ರಿಕೆಗೆ ನಾನು ಒಂದು ಇಂಗ್ಲಿಷ್ ಸಿನಿಮಾದ ಬಗ್ಗೆ ಬರೆಯುತ್ತಿದ್ದೇನೆ. ಸಿನಿಮಾ ಚೆನ್ನಾಗಿಲ್ಲ. ಚೆನ್ನಾಗಿಲ್ಲದ್ದನ್ನು ಯಾಕಪ್ಪಾ ಬರೀಬೇಕು ಅಂತ ಕೇಳಬೇಡಿ, ಮೊದಲು ಓದಿ.

ಚಿತ್ರದ ಹೆಸರು 'ಜ್ಯಾಕ್ ಫ್ರಾಸ್ಟ್'. 1998ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಅಮೆರಿಕದಲ್ಲಿ ತೆರೆಕಂಡಿತು. ನಿರ್ದೇಶಕರು ಟ್ರಾಯ್ ಮಿಲ್ಲರ್. ಅಪ್ಪನ ಪಾತ್ರ ಮಾಡಿದವರು ಮೈಕೆಲ್ ಕೀಟನ್, ಅಂದರೆ 1989ರಲ್ಲಿ ಬ್ಯಾಟ್‌ಮ್ಯಾನ್ ಆಗಿದ್ದವರು. ಇಂಗ್ಲಿಷಿನವರ ಕಥೆಗಳಲ್ಲಿ ಜ್ಯಾಕ್ ಫ್ರಾಸ್ಟ್ ಅಂದರೆ ಚಳಿಗಾಲ ತರುವವನು, ಕಿಟಕಿ ಗಾಜಿನ ಮೇಲೆ ಹಿಮದ ಚಿತ್ತಾರ ಬಿಡಿಸುವವನು. ಈ ಚಿತ್ರದಲ್ಲಿ ಅಪ್ಪನ ಹೆಸರೇ ಅದು.

ನಮ್ಮ ಸೋದರಮಾವ ಹಿಂದೆ ಪಟ್ಟಣದಲ್ಲಿ ಕ್ಯಾಸೆಟ್, ಡಿ.ವಿ.ಡಿ. ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿ ಬಹಳ ಕಾಲವಾಯಿತು, ಡಿಸ್ಕುಗಳು ಮಾತ್ರ ಅಟ್ಟದ ಮೇಲೆ ಹಾಗೇ ಇವೆ. ದಸರಾ ರಜದಲ್ಲಿ ಹೋದಾಗ "ಇದರಲ್ಲಿ ಸತ್ತುಹೋದ ಅಪ್ಪ ವಾಪಸ್ ಬರ್ತಾನೆ ಕಣೋ" ಅಂದರು. ನಾನು ಅದನ್ನೇ ಆರಿಸಿಕೊಂಡೆ. ಯಾಕೆ ಅಂತ ನಮ್ಮ ತರಗತಿಯವರಿಗೆ ಗೊತ್ತು.

ಕಥೆ ಹೀಗಿದೆ. ಜ್ಯಾಕ್ ಒಬ್ಬ ಹಾಡುಗಾರ. ಕೊಲರಾಡೊ ರಾಜ್ಯದ ಒಂದು ಊರಿನಲ್ಲಿ ಮನೆ. ವಾದ್ಯತಂಡ ಕಟ್ಟಿಕೊಂಡು ಸದಾ ತಿರುಗಾಟ, ಮಗ ಚಾರ್ಲಿಯ ಹಾಕಿ ಪಂದ್ಯಕ್ಕೂ ಬರುವುದಿಲ್ಲ. (ನಮ್ಮ ಹಾಕಿ ಅಲ್ಲ. ಮಂಜುಗಡ್ಡೆಯ ಮೇಲೆ ಜಾರುತ್ತಾ, ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಹೊಡೆಯುವ ಆಟ.) ಮಗನಿಗೆ ಒಂದು ಮೌತ್ ಆರ್ಗನ್ ಕೊಟ್ಟು, ಇದನ್ನು ಊದಿದರೆ ಎಲ್ಲಿದ್ದರೂ ನನಗೆ ಕೇಳಿಸುತ್ತೆ ಅಂತ ಹೇಳಿರುತ್ತಾನೆ. ಕ್ರಿಸ್‌ಮಸ್ ದಿನ ಕೆಲಸ ಬಿಟ್ಟು ಮನೆಯವರ ಹತ್ತಿರ ಹೊರಟವನು ಹಿಮ ಸುರಿಯುವ ರಸ್ತೆಯಲ್ಲಿ ಅಪಘಾತವಾಗಿ ಸಾಯುತ್ತಾನೆ. ಒಂದು ವರ್ಷದ ಮೇಲೆ ಚಾರ್ಲಿ ಅಂಗಳದಲ್ಲಿ ಹಿಮದ ಗೊಂಬೆ ಮಾಡಿ ಮೌತ್ ಆರ್ಗನ್ ಊದುತ್ತಾನೆ. ಅಪ್ಪ ಆ ಗೊಂಬೆಯೊಳಕ್ಕೆ ಬಂದುಬಿಡುತ್ತಾನೆ!

ಹಿಮದ ಗೊಂಬೆ ಹೇಗೆ ನಿಲ್ಲುತ್ತದೆ ಅಂತ ನಮಗೆ ತಿಳಿಯದು. ಮರಳಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದ್ದೀರಲ್ಲ, ಹಾಗೇ. ಒಣ ಮರಳು ಉದುರುತ್ತೆ, ಒದ್ದೆ ಮರಳು ನಿಲ್ಲುತ್ತೆ. ವಿಪರೀತ ಚಳಿಯಲ್ಲಿ ಹಿಮ ಒಣ ಪುಡಿಯಂತಿದ್ದು ಅಂಟಿಕೊಳ್ಳುವುದಿಲ್ಲ. ಉಷ್ಣತೆ 0 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದು ಸ್ವಲ್ಪ ನೀರಾಡಿದಾಗಲೇ ಉಂಡೆ ಕಟ್ಟಲು ಬರುವುದು. ಅಂದರೆ ಗೊಂಬೆ ಮಾಡಲು ಬರುವ ದಿನಕ್ಕೂ ಗೊಂಬೆ ಕರಗುವ ದಿನಕ್ಕೂ ದೂರ ಬಹಳ ಕಡಿಮೆ. ಕಥೆಗೆ ಎಂಥ ಒಳ್ಳೆ ವಸ್ತು ನೋಡಿ!

ಗೊಂಬೆ ಮಾಡಿದವರೂ ಸಾಮಾನ್ಯರಲ್ಲ. ಅಮೆರಿಕದ ಪ್ರಸಿದ್ಧ ಬೊಂಬೆಯಾಟಗಾರ ಜಿಮ್ ಹೆನ್ಸನ್ ಕಟ್ಟಿದ ಕಾರ್ಯಾಗಾರದವರು. ಹೆನ್ಸನ್ 1990ರಲ್ಲೇ ತೀರಿಕೊಂಡಿದ್ದರು. ಅವರ ಕಾರ್ಯಾಗಾರ 1995ರ 'ಬೇಬ್' ಚಿತ್ರಕ್ಕೂ ಪ್ರಾಣಿಗಳ ಬೊಂಬೆ ಮಾಡಿತ್ತು. ಮಾತಾಡುವ ಹಂದಿಮರಿಯ ಆ ಚಿತ್ರಕ್ಕೆ ದೃಶ್ಯ ಪರಿಣಾಮಕ್ಕಾಗಿ ಆಸ್ಕರ್ ಬಂತು. 'ಜ್ಯಾಕ್ ಫ್ರಾಸ್ಟ್'ನಲ್ಲಿ ಬೊಂಬೆಯ ವೇಷದೊಳಗೆ ಒಬ್ಬರು ನಿಂತು ಮೈ ಆಡಿಸುತ್ತಾರೆ, ಮುಖವನ್ನು ಹೊರಗಿನಿಂದ ಆಡಿಸುತ್ತಾರೆ. ಬೊಂಬೆಯಿಂದ ಆಗದ ಓಟ, ಜಾರಾಟವನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ. ಜಾರುಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗುವ ದೃಶ್ಯಕ್ಕೆ ನಾನೂ ಬಾಯಿಬಿಟ್ಟುಕೊಂಡು ಕೂತಿದ್ದೆ.

ಆದರೆ ಬೊಂಬೆ ಹಿಮದ ಹಾಗೆ ಕಾಣುವುದೇ ಇಲ್ಲ. ಹಿಮವಾದರೆ ಬಗ್ಗಿದಾಗ ಬಿರುಕು ಬಿಡಬೇಕು, ಇದು ರಬ್ಬರಿನಂತೆ ಬಾಗುತ್ತದೆ. ಮೈಕೆಲ್ ಕೀಟನ್ ಅವರ ಮುಖ ಶುರುವಿನಲ್ಲಿ ಸ್ವಲ್ಪ, ಕೊನೆಯಲ್ಲಿ ಒಂದು ಚೂರು. ಮಧ್ಯೆ ಪೂರ್ತಿ ಧ್ವನಿ ಮಾತ್ರ. ಅಷ್ಟು ಒಳ್ಳೆ ನಟನನ್ನು ಕರೆಸಿ ಬೊಂಬೆಯ ಹಿಂದೆ ಬಚ್ಚಿಟ್ಟರೆ ಏನು ಬಂತು?

ಇದಕ್ಕಿಂತ ಬೇಜಾರಾದದ್ದು ಬೇರೆ. ಅಪ್ಪ ಸತ್ತ ಮೇಲೆ ಸಿನಿಮಾ ಒಂದೇ ಜಿಗಿತಕ್ಕೆ ಒಂದು ವರ್ಷ ದಾಟಿಬಿಡುತ್ತದೆ. ಆ ಒಂದು ವರ್ಷ ಹೇಗಿರುತ್ತೆ ಅಂತ ನನಗೆ ಗೊತ್ತು. ಚಪ್ಪಲಿ ಬಾಗಿಲಲ್ಲೇ ಇರುತ್ತೆ, ಯಾರೂ ತೆಗೆಯಲ್ಲ. ಪಿತೃಪಕ್ಷದಲ್ಲಿ ಎಡೆ ಇಟ್ಟು ಕಾಗೆಗೆ ಕಾಯುವಾಗ ಅಮ್ಮ ಮಾತೇ ಆಡಲ್ಲ. ಚಾರ್ಲಿಯ ಅಪ್ಪ ವಾಪಸ್ ಬಂದವನು ತಮಾಷೆ ಮಾಡುತ್ತಾನೆ, ಹಿಮದುಂಡೆ ಎಸೆಯುತ್ತಾನೆ, ಹಾಕಿಯ ಹೊಡೆತ ಹೇಳಿಕೊಡುತ್ತಾನೆ. ಮಗ ಹಾಕಿ ಬಿಟ್ಟಿದ್ದವನು ಮತ್ತೆ ಆಡುತ್ತಾನೆ, ಅದು ಸರಿ. ಆದರೆ ಅಮ್ಮ? ಹೆಚ್ಚುಕಡಿಮೆ ಕೊನೆಯವರೆಗೂ ಆಕೆಗೆ ವಿಷಯವೇ ಗೊತ್ತಿರುವುದಿಲ್ಲ. ನಮ್ಮಪ್ಪ ಯಾವ ರೂಪದಲ್ಲಾದರೂ ಬಂದರೆ ನಾನು ಮೊದಲು ಓಡುವುದು ಅಡಿಗೆಮನೆಗೆ.

ಅಮೆರಿಕದ ಚಿತ್ರಮಂದಿರಗಳಲ್ಲಿ ಇದಕ್ಕೆ ಬಂದದ್ದು ಸುಮಾರು 3.4 ಕೋಟಿ ಡಾಲರ್, ಖರ್ಚಿಗಿಂತ ಕಡಿಮೆ. ಹೆಸರಾಂತ ವಿಮರ್ಶಕ ರೋಜರ್ ಎಬರ್ಟ್ ನಾಲ್ಕರಲ್ಲಿ ಒಂದೇ ನಕ್ಷತ್ರ ಕೊಟ್ಟರು. ಆದರೆ ಆ ಕಾಲದಲ್ಲಿ ಸಿನಿಮಾ ಚಿತ್ರಮಂದಿರದಲ್ಲಿ ಸೋತರೂ ಸಾಯುತ್ತಿರಲಿಲ್ಲವಂತೆ. ಕ್ಯಾಸೆಟ್ಟಾಗಿ, ಡಿಸ್ಕಾಗಿ ಮನೆಗಳಿಗೆ ಹೋಗುತ್ತಿತ್ತು. ಮಕ್ಕಳ ಚಿತ್ರ, ಅದರಲ್ಲೂ ಹಬ್ಬದ ಚಿತ್ರವಾದರೆ ಪ್ರತಿ ಡಿಸೆಂಬರಿಗೆ ಮತ್ತೆ ಕೇಳುವವರಿರುತ್ತಾರೆ. ಒಂದು ಎಚ್ಚರಿಕೆ: 1997ರಲ್ಲಿ ಇದೇ ಹೆಸರಿನ ಇನ್ನೊಂದು ಚಿತ್ರ ಬಂದಿದೆ. ಅದರಲ್ಲಿ ಕೊಲೆಗಾರನೊಬ್ಬ ಹಿಮಮನುಷ್ಯನಾಗುತ್ತಾನೆ. ಬರೀ ಹೆಸರು ನೋಡಿ ಎತ್ತಿಕೊಂಡರೆ ಫಜೀತಿ!

ಮಾರನೆಯ ದಿನ ಊರಿಗೆ ಹೊರಡುವ ಮುಂಚೆ ಇನ್ನೊಂದು ಸಲ ಹಾಕಿದೆ. ಶುರುವಿನ ಭಾಗ ಮಾತ್ರ. ಅಪ್ಪ ಮಗ ರಾತ್ರಿ ಹೊತ್ತು ಅಂಗಳದಲ್ಲಿ ಹಿಮದ ಗೊಂಬೆ ಮಾಡುತ್ತಾರೆ. ಆಗ ಯಾವ ಮಾಯೆಯೂ ಇಲ್ಲ, ಕಂಪ್ಯೂಟರೂ ಇಲ್ಲ. ಅದೇ ಚೆನ್ನಾಗಿದೆ. ಅಪ್ಪ ಕಾರು ಹತ್ತುವ ಮುಂಚೆ ನಿಲ್ಲಿಸಿ, ಡಿಸ್ಕನ್ನು ಡಬ್ಬಿಗೆ ಹಾಕಿ ಮಾವನ ಕೈಗೆ ಕೊಟ್ಟೆ.

"ಪೂರ್ತಿ ನೋಡಲ್ವೇನೋ?" ಅಂದರು.

"ಸಾಕು ಮಾವ" ಅಂದೆ.