ಬಡವರ ತುಪ್ಪದ ಕಥೆ

ಮದುವೆಯ ಪಂಕ್ತಿಯಲ್ಲಿ ತುಪ್ಪದ ಮಿಳ್ಳೆ ಎಷ್ಟು ಬಾಗಿತೆಂಬುದರಿಂದ ಮನೆಯವರ ಅಂತಸ್ತನ್ನು ಅಳೆಯುವ ಪದ್ಧತಿ ನಮ್ಮಲ್ಲಿ ಬಹು ಹಳೆಯದು. ತುಪ್ಪದ ಬೆಲೆ ಹೆಚ್ಚು. ಆಸೆಯಾದರೋ ಎಲ್ಲರಿಗೂ ಒಂದೇ. ಈ ಆಸೆಗೂ ಕೈಯಲ್ಲಿನ ಕಾಸಿಗೂ ನಡುವಣ ಅಂತರದಲ್ಲಿಯೇ ವನಸ್ಪತಿ ಬೆಳೆಯಿತು. 1937ರಲ್ಲಿ ಪೇಟೆಗೆ ಬಂದ ಡಾಲ್ಡಾ ಮಾರಿದ್ದು ಕೇವಲ ಕೊಬ್ಬನ್ನಲ್ಲ, ತುಪ್ಪದ ರೂಪವನ್ನು.

ಎಣ್ಣೆ ಗಟ್ಟಿಯಾಗುವುದು ಹೇಗೆ? ಎಣ್ಣೆಯ ಅಣುವಿನಲ್ಲಿ ಇಂಗಾಲದ ಉದ್ದನೆಯ ಸರಪಣಿಗಳಿವೆ. ದ್ವಿಬಂಧವಿರುವೆಡೆಯಲ್ಲಿ ಸರಪಣಿ ಮೊಣಕೈಯಂತೆ ಬಾಗಿರುತ್ತದೆ. ಬಾಗಿದ ಕಡ್ಡಿಗಳನ್ನು ಒತ್ತಾಗಿ ಜೋಡಿಸಲು ಬರುವುದೇ? ಆದಕಾರಣ ಎಣ್ಣೆ ದ್ರವವಾಗಿ ಉಳಿಯುತ್ತದೆ. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟು ಪಡೆದ ವಿಧಾನದಂತೆ, ನಿಕ್ಕಲ್ ಪುಡಿ ಬೆರೆಸಿದ ಬಿಸಿ ಎಣ್ಣೆಗೆ ಜಲಜನಕವನ್ನು ಹಾಯಿಸಿದರೆ ದ್ವಿಬಂಧಗಳು ತೊಲಗಿ ಸರಪಣಿಗಳು ನೆಟ್ಟಗಾಗುತ್ತವೆ. ಆದರೆ ಈ ಕ್ರಿಯೆಯನ್ನು ಅರ್ಧಕ್ಕೆ ನಿಲ್ಲಿಸಿದಾಗ ಕೆಲವು ದ್ವಿಬಂಧಗಳು ಉಳಿದುಕೊಂಡೇ ಮಗ್ಗುಲು ಬದಲಿಸಿರುತ್ತವೆ. ಅಲ್ಲಿಯೂ ಸರಪಣಿ ನೆಟ್ಟಗೇ ನಿಲ್ಲುತ್ತದೆ. ಇವೇ ಟ್ರಾನ್ಸ್ ಕೊಬ್ಬುಗಳು. ಒಲೆಯಿಕ್ ಆಮ್ಲ ಸುಮಾರು 13 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ, ಅವೇ ಪರಮಾಣುಗಳಿಂದಾದ ಅದರ ಟ್ರಾನ್ಸ್ ರೂಪ ಕರಗಲು ಸುಮಾರು 45 ಡಿಗ್ರಿ ಬೇಕು. ಆಕಾರವೊಂದೇ ಮಾಡಿದ ವ್ಯತ್ಯಾಸವಿದು!

ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು ನೆದರ್ಲೆಂಡಿನ ಸಂಶೋಧಕರು 1990ರಲ್ಲಿ ತೋರಿಸಿದರು. ಡೆನ್ಮಾರ್ಕು 2003ರಲ್ಲಿ ಮಿತಿ ವಿಧಿಸಿತು. ನಮ್ಮಲ್ಲಿ 2011ರ ನಿಯಮವು ಶೇಕಡಾ 10ರವರೆಗೆ ಅವಕಾಶವಿತ್ತು, 2022ರಲ್ಲಿ ಅದು ಶೇಕಡಾ 2ಕ್ಕೆ ಇಳಿಯಿತು. ಒಂದು ಸಂಗತಿ ಇಲ್ಲಿ ಗಮನಾರ್ಹ. ಇದಕ್ಕೆ ಎಷ್ಟೋ ಮೊದಲೇ ವನಸ್ಪತಿಗೆ ಎಳ್ಳೆಣ್ಣೆ ಬೆರೆಸಬೇಕೆಂಬ ಕಟ್ಟಳೆಯಿತ್ತು. ಕಲಬೆರಕೆಯ ತುಪ್ಪಕ್ಕೆ ಹೈಡ್ರೊಕ್ಲೋರಿಕ್ ಆಮ್ಲವನ್ನೂ ಫರ್ಫ್ಯುರಾಲನ್ನೂ ಸೇರಿಸಿದರೆ, ಆ ಎಳ್ಳೆಣ್ಣೆಯ ದೆಸೆಯಿಂದ ಕೆಂಪು ಬಣ್ಣ ಮೂಡಿ ಮೋಸ ಬಯಲಾಗುತ್ತಿತ್ತು. ತುಪ್ಪ ಕೊಳ್ಳಬಲ್ಲವನ ಹಣಕ್ಕೆ ಕಾವಲು ಮೊದಲು ಬಂತು. ವನಸ್ಪತಿಯನ್ನೇ ತಿನ್ನುವವನ ಹೃದಯಕ್ಕೆ ಕಾವಲು, ಅಪಾಯ ತಿಳಿದ ಮೇಲೂ ಇಪ್ಪತ್ತು ವರ್ಷ ಕಾಯಬೇಕಾಯಿತು.

ವನಸ್ಪತಿಯ ಸ್ಥಾನಕ್ಕೆ ಬಹುಮಟ್ಟಿಗೆ ಬಂದಿರುವುದು ಇಂಡೊನೇಷ್ಯ, ಮಲೇಷ್ಯಗಳಿಂದ ತರಿಸುವ ತಾಳೆ ಎಣ್ಣೆ. ಅದು ಸ್ವಭಾವತಃ ಅರೆಗಟ್ಟಿ. ಜಲಜನಕ ಬೇಡ, ಬೆಲೆಯೂ ಅಗ್ಗ. ಟ್ರಾನ್ಸ್ ದೋಷವಿಲ್ಲದಿದ್ದರೂ ಅದರ ಸುಮಾರು ಅರ್ಧಭಾಗ ಪರ್ಯಾಪ್ತ ಕೊಬ್ಬು, ಹೃದಯಕ್ಕೆ ಅಷ್ಟೇನೂ ಹಿತವಲ್ಲ. ಕಡಲೆಕಾಯಿ ಎಣ್ಣೆ ಇದಕ್ಕಿಂತ ಮೇಲೆಂದು ಹೇಳುವುದು ಸುಲಭ. ಕಡಿಮೆ ಬೆಲೆಗೆ ತಿಂಡಿ ಮಾರಬೇಕಾದ ಬೇಕರಿಯವನು ಅದನ್ನು ಬಳಸಿ ಲಾಭ ಕಾಣುವುದು ಕಷ್ಟ. ಕಾರ್ಖಾನೆಯ ಪೊಟ್ಟಣದ ಮೇಲಾದರೂ ಕೊಬ್ಬಿನ ವಿವರವಿರುತ್ತದೆ. ಗಾಜಿನ ಭರಣಿಯಿಂದ ತೆಗೆದು ಕಾಗದದಲ್ಲಿ ಕಟ್ಟಿಕೊಡುವ ಬೆಣ್ಣೆ ಬಿಸ್ಕತ್ತಿನಲ್ಲಿ ಬೆಣ್ಣೆ ಎಷ್ಟಿದೆಯೆಂಬುದು ಮಾಡಿದವನಿಗೇ ಗೊತ್ತು.