ಹೊಳಿ ಬಂದಾಗ ಏರುವ ಮೀನು

ಖಾನಾಪುರದ ಕಣಕುಂಬಿಯಲ್ಲಿ ಮಳೆ ಹಿಡಿದರೆ ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿ ಸೇತುವೆಯ ಕೆಳಗೆ ಮಲಪ್ರಭೆ ಕೆಂಪಾಗುತ್ತದೆ. ‘ಹೊಳಿ ಬಂತು’ ಅನ್ನುತ್ತಾರೆ ದಂಡೆಯ ಜನ. ಬೇಸಿಗೆಯ ಮಡುಗಳಲ್ಲಿ ಮೀನು ಕಾದಿರುವುದೂ ಇದಕ್ಕೇ.

ತತ್ತಿ ಮುಂಗಾರಿಗೆ ಮೊದಲೇ ಬಲಿತಿರುತ್ತದೆ. ಇಡಲು ಹೊಸ ನೀರಿನ ಅಪ್ಪಣೆ ಬೇಕು. ನೀರು ತಂಪಾಗಿ, ಸೆಳವು ಹೆಚ್ಚಿ, ಮಟ್ಟ ಏರಿದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಚುರುಕಾಗುತ್ತದೆ. ಕೃಷ್ಣಾ ಕಣಿವೆಯ ಕೆಮ್ಮೀನಿನಂಥ ಗೆಂಡೆಗಳು ಸೆಳವಿಗೆದುರಾಗಿ ಏರಿ, ನೀರು ನುಗ್ಗಿದ ತಗ್ಗುಗಳಲ್ಲಿ ತತ್ತಿ ಬಿಡುತ್ತವೆ. ಈ ದಿನಗಳಲ್ಲಿ ಇದೇ ಗೆಂಡೆ ಕುಲದ ಗಂಡು ರೋಹುವಿನ ಎದೆಯ ಈಜುರೆಕ್ಕೆಯ ಮೇಲೆ ಬೆರಳಾಡಿಸಿದರೆ ಉಸುಕಿನ ಕಾಗದ ಸವರಿದಂತೆ ಒರಟು. ಹೆಣ್ಣಿನದು ನುಣುಪು, ಹೊಟ್ಟೆ ಮೆತ್ತಗೆ ಉಬ್ಬಿರುತ್ತದೆ.

1957ರ ಜುಲೈ 10ರಂದು ವಿಜ್ಞಾನಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಗೆಂಡೆಗಳಿಗೆ ಪಿಟ್ಯುಟರಿ ಸಾರ ಚುಚ್ಚಿ, ಹೊಳೆಯ ಹಂಗಿಲ್ಲದೆ ತತ್ತಿ ಇಡಿಸಿದರು. ಆಮೇಲೆ ಬಂಗಾಳದ ಒಡ್ಡಿನ ಕೆರೆಗಳಲ್ಲಿ ಸೋಜಿಗವೊಂದು ಕಂಡಿತು: ಕೆಲವು ಮೀನಿಗೆ ಮದ್ದು ಚುಚ್ಚಿದರೆ, ಚುಚ್ಚದವೂ ತತ್ತಿ ಇಟ್ಟವು! ಗೋಲ್ಡ್‌ಫಿಶ್ ಮೇಲಿನ ಪ್ರಯೋಗಗಳು ಇದಕ್ಕೊಂದು ಸುಳಿವು ಕೊಡುತ್ತವೆ. ಸಿದ್ಧವಾದ ಹೆಣ್ಣು ನೀರಿಗೆ ಬಿಡುವ ಹಾರ್ಮೋನಿನ ವಾಸನೆಗೆ ಗಂಡು ಕೆರಳುತ್ತದೆ. ಅಂದರೆ ಮೀನಿಗೆ ಹೊಸ ನೀರಿನಷ್ಟೇ ಜೊತೆಯೂ ಮುಖ್ಯ.

ಮಲಪ್ರಭೆಯಲ್ಲಿ ಈ ಎರಡಕ್ಕೂ ಅಡ್ಡಿ ಬಿದ್ದಿದೆ. 1970ರ ದಶಕದಲ್ಲಿ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಎದ್ದ ಅಣೆಕಟ್ಟು ಸುಮಾರು 37.73 ಟಿಎಂಸಿ ನೀರು ಹಿಡಿಯುತ್ತದೆ. ಬೇಸಿಗೆಗೆ ಬರಿದಾದ ಜಲಾಶಯ ಮುಂಗಾರಿನ ಮೊದಲ ನೀರನ್ನೆಲ್ಲ ಕುಡಿದುಬಿಡುತ್ತದೆ. ಕೆಳಗಿನ ರಾಮದುರ್ಗಕ್ಕೆ ಮಿರಗ ಮಳೆಯ ಕೆಂಪು ನೀರು ಬರುವ ಹೊತ್ತಿಗೆ ಬರುವುದಿಲ್ಲ. 2019ರ ಆಗಸ್ಟ್‌ನ ಪ್ರವಾಹದಂತೆ ಬಂದಾಗ ಊರೇ ಮುಳುಗುತ್ತದೆ. ಗೋಡೆ ಹತ್ತಲಾಗದ ಮೀನಿನ ಹಿಂಡೂ ಒಡೆದು, ಬೈಲಹೊಂಗಲ–ಕಿತ್ತೂರಿನ ಪಾಲು ಮೇಲೆ, ರಾಮದುರ್ಗದ ಪಾಲು ಕೆಳಗೆ ಉಳಿದಿದೆ.

ಮರಿ ತಂದು ಬಿಟ್ಟರಾಯಿತಲ್ಲ ಅನ್ನಬಹುದು. ಜಲಾಶಯಗಳಿಗೆ ಹೆಚ್ಚಾಗಿ ಬಿಡುವುದು ಕಟ್ಲಾ, ರೋಹು, ಮೃಗಾಲ್. ಇವು ಗಂಗೆಯ ಸೀಮೆಯವು. ಅವುಗಳಿಂದ ಬುಟ್ಟಿ ತುಂಬೀತು, ಕೆಮ್ಮೀನಿಗೆ ಜೊತೆ ಸಿಗಲಾರದು.

ಅಣೆಕಟ್ಟನ್ನು ಕದಲಿಸಲಾಗದು, ನಿಜ. ಆದರೆ ಮುಂಗಾರಿನಲ್ಲಿ ಒಂದೆರಡು ದಿನದ ಹೊಸ ನೀರನ್ನು ಕೆಳಕ್ಕೆ ಬಿಡಬಹುದು. ಬಲೆಗೂ ಬಿಡುವು ಬೇಕು: ಏರಿ ಬಂದು ಮುಂದೆ ದಾರಿ ಕಾಣದ ಮೀನು ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಬುಡದಲ್ಲೇ ಗುಂಪುಗೂಡುವುದರಿಂದ ಅಲ್ಲಿ ಬಲೆ ಬೇಗ ತುಂಬುತ್ತದೆ. ತತ್ತಿ ತುಂಬಿದ ಹಿರಿಯ ಹೆಣ್ಣುಗಳೂ ಅದರಲ್ಲೇ ಬೀಳುತ್ತವೆ. ಮಿರಗ, ಆರಿದ್ರಾ ಮಳೆ ಮುಗಿಯುವ ತನಕ ಆ ಬಲೆ ಗೂಟದ ಮೇಲೆಯೇ ಇರಲಿ.