ತಲೆ ತಿರುಗಿದರೂ ಬುಡ ತಿರುಗದು

ದೊಂದಿ, ಗ್ಯಾಸ್‌ಲೈಟು, ಟ್ಯೂಬ್‌ಲೈಟು ಎಲ್ಲವನ್ನೂ ಕುಂಬಳೆ ಸೀಮೆಯ ಯಕ್ಷಗಾನದ ರಂಗಸ್ಥಳ ಕಂಡಾಗಿದೆ. ಈಗ ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಕಾರ್ಯಕ್ರಮ ಸ್ವಲ್ಪ ದೊಡ್ಡದಾದರೆ ಸಾಕು, ಅಲ್ಯುಮಿನಿಯಂ ಟ್ರಸ್ಸಿನಲ್ಲಿ ತಲೆಕೆಳಗಾಗಿ ತೂಗುವ ಮೂವಿಂಗ್ ಹೆಡ್‌ಗಳು ಬರುತ್ತವೆ. 1981ರಲ್ಲಿ ವೇರಿ-ಲೈಟ್ ಎಂಬ ಹೆಸರಿನಲ್ಲಿ, ಜೆನೆಸಿಸ್ ಎಂಬ ಬ್ರಿಟಿಷ್ ರಾಕ್ ತಂಡದ ಜೊತೆ ಊರೂರು ಸುತ್ತಿ ಹೆಸರಾದ ಕುಲ ಇದು. ತಾನಾಗಿ ತಿರುಗುವ ಲೈಟಾದ್ದರಿಂದ ಅದರ ಬಗ್ಗೆ ನಂಬಿಕೆಗಳೂ ಧಾರಾಳ.

“ತಿರುಗುವ ಲೈಟಲ್ಲವೇ, ಎಲ್ಲಿ ಕಟ್ಟಿದರೂ ಆಗುತ್ತದೆ.”

ಆಗುವುದಿಲ್ಲ. ಮೋಟಾರು ಬೆಳಕಿನ ದಿಕ್ಕನ್ನು ಬದಲಿಸೀತು, ಬೆಳಕು ಹೊರಡುವ ಜಾಗವನ್ನಲ್ಲ. ಮುಖದ ಮೇಲೆ ಬೆಳಕು ಯಾವ ಕೋನದಲ್ಲಿ ಬೀಳಬೇಕೆಂದು ತೀರ್ಮಾನಿಸುವುದು ಆ ಜಾಗವೇ. ಅಮೆರಿಕದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ 1932ರ ತಮ್ಮ ಪುಸ್ತಕದಲ್ಲಿ ಕೊಟ್ಟ 45 ಡಿಗ್ರಿ ಲೆಕ್ಕವನ್ನು ಇಂದಿಗೂ ಮಗ್ಗಿಯಂತೆ ಒಪ್ಪಿಸುವವರಿದ್ದಾರೆ. ಬರಿತಲೆಯ ನಟನಿಗೆ ಅದು ಸರಿ. ತೆಂಕುತಿಟ್ಟಿನ ವೇಷಕ್ಕೆ ಕಿರೀಟವಿದೆ. ಬಣ್ಣದ ವೇಷಕ್ಕಂತೂ ಮುಖದ ಮೇಲೆ ಉಬ್ಬಿ ನಿಂತ ಚುಟ್ಟಿ ಬೇರೆ. ಬೆಳಕು ಕಡಿದಾಗಿ ಬಿದ್ದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ ಕಾಣುತ್ತವೆ, ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಬರೆದದ್ದು ನೀರುಪಾಲು.

ಟ್ರಸ್ಸು ವೇಷದ ಮುಖದ ಮಟ್ಟದಿಂದ 4 ಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ವೇಷಧಾರಿಗಿಂತ 4 ಮೀಟರ್ ಮುಂದೆ ಇದ್ದರೆ ಕೋನ 45 ಡಿಗ್ರಿ. 6 ಮೀಟರ್ ಮುಂದೆ ಒಯ್ದರೆ ಸುಮಾರು 34. ಆಟಕ್ಕಾದರೆ ಎರಡನೆಯದೇ ನನ್ನ ಆಯ್ಕೆ. ಇನ್ನೂ ತಗ್ಗಿಸಿದರೆ ವೇಷದ ನೆರಳು ಹಿಂದೆ ಕೂತ ಭಾಗವತರ ಮೇಲೇ ಬೀಳುತ್ತದೆ.

ಇದೆಲ್ಲ ವಾಶ್ ಮತ್ತು ಸ್ಪಾಟ್ ಲೈಟಿನ ಮಾತು. ನಮ್ಮವರು ಶಾರ್ಪಿ ಎನ್ನುವ ಬೀಮ್ ಲೈಟನ್ನು ಮುಖಕ್ಕೆ ಹಿಡಿಯಲೇಬಾರದು. ಅದರ ಜಾಗ ಹಿಂದಿನ ಟ್ರಸ್ಸು, ಅದರ ದಾರಿ ಸಭಿಕರ ತಲೆಯ ಮೇಲಿನ ಹೊಗೆ. ಕಡಲ ಗಾಳಿ ಬೀಸುವ ಬಯಲಿನಲ್ಲಿ ಆ ಹೊಗೆಯೂ ನಿಲ್ಲುವುದಿಲ್ಲವೆನ್ನಿ.

“ರಂಗದ ನಡುನೆತ್ತಿಗೆ ಕಟ್ಟಿದರೆ ಎಲ್ಲ ಮೂಲೆಗೂ ಸಲೀಸು.”

ಲೈಟು ನೇರ ಕೆಳಗೆ ನೋಡುವಾಗ ಪ್ಯಾನ್, ಅಂದರೆ ತಲೆಯ ಅಡ್ಡಸುತ್ತು, ತಿರುಗಿಸಿದರೆ ಬೆಳಕು ನಿಂತಲ್ಲೇ ಸುತ್ತುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಧೀಂಗಣ ಹಾಕುವ ವೇಷ ನೆತ್ತಿಯ ಕೆಳಗಿನ ಬಿಂದುವಿನ ಪಕ್ಕದಲ್ಲೇ ಹಾದುಹೋದರೆ, ಬೆನ್ನುಹತ್ತಲು ಕ್ಷಣದೊಳಗೆ ಲೈಟಿನ ತಲೆ ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಬೇಕು. ಮೋಟಾರು ಅಲ್ಲಿ ಸೋಲುತ್ತದೆ. ವೇಷವನ್ನು ಹಿಂಬಾಲಿಸಬೇಕಾದ ಲೈಟು ಮುಂದಿರಲಿ, ಇಲ್ಲವೇ ಹಿಂದಿರಲಿ.

“ಬುಡ ಯಾವ ಕಡೆಗಿದ್ದರೇನು, ಕನ್ಸೋಲಿನಲ್ಲಿ ಸರಿಮಾಡೋಣ.”

ಇದು ಅರ್ಧ ನಿಜ. ಸಾಲಿನಲ್ಲಿ ಒಂದು ಲೈಟು ಹಿಂದುಮುಂದಾಗಿ ಸಿಕ್ಕಿಕೊಂಡರೆ ಎಲ್ಲ ಲೈಟು ಸಭೆ ನೋಡುವಾಗ ಅದೊಂದು ಪರದೆ ನೋಡುತ್ತದೆ. ಹಲವರು ಕೂಡಲೇ ಪ್ಯಾನ್ ಇನ್ವರ್ಟ್ ಒತ್ತುತ್ತಾರೆ. ಅದರಿಂದ ಎಡಬಲ ಅದಲುಬದಲಾಗುವುದಷ್ಟೇ. ಬೇಕಾದದ್ದು ತಲೆ ಬಾಗುವ ದಿಕ್ಕನ್ನು ಬದಲಿಸುವ ಟಿಲ್ಟ್ ಇನ್ವರ್ಟ್. ಆಗಲೂ ಗೋಬೋ ಎಂಬ ಚಿತ್ರದ ಬಿಲ್ಲೆಯಲ್ಲಿ ದೇವಸ್ಥಾನದ ಹೆಸರಿದ್ದರೆ ಅಕ್ಷರ ತಲೆಕೆಳಗಾಗಿ ಬೀಳುತ್ತದೆ. ಪ್ಯಾನನ್ನೇ 180 ಡಿಗ್ರಿ ಸರಿಸೋಣವೆಂದರೆ, 540 ಡಿಗ್ರಿಯ ಲೈಟಿಗೆ ಒಂದು ಬದಿಯಲ್ಲಿ ಉಳಿಯುವುದು ಬರೇ 90. ಅದು ಮುಗಿದಲ್ಲಿ ತಲೆ ಒಂದು ಪೂರ್ತಿ ಸುತ್ತು ಹಿಂದಕ್ಕೆ ಬರಬೇಕು. ಪ್ಯಾನ್ ಇನ್ವರ್ಟ್ ನಿಜಕ್ಕೂ ಬೇಕಾಗುವುದು ತೂಗುವ ಲೈಟಿಗೆ ನೆಲದ ಮೇಲಿಟ್ಟ ಲೈಟು ಜೊತೆಗೂಡುವಾಗ.

ಟ್ರಸ್ಸು ನೆಲದಲ್ಲಿರುವಾಗಲೇ ಎಲ್ಲ ಬುಡಗಳ ಡಿಸ್‌ಪ್ಲೇ ಒಂದೇ ಕಡೆಗೆ ಇದೆಯೇ ಎಂದು ಒಮ್ಮೆ ನಡೆದು ನೋಡಿದರೆ ಈ ಪಂಚಾಯಿತಿಯೇ ಇಲ್ಲ.

“ಫೈನ್ ಚಾನೆಲ್ ದಂಡ.”

512 ಚಾನೆಲ್‌ಗಳ ಡಿಎಂಎಕ್ಸ್‌ನಲ್ಲಿ ಜಾಗ ಉಳಿಸಲು ಹೇಳುವ ಮಾತು. ಒಂದೇ ಚಾನೆಲ್ಲಿನಲ್ಲಿ 540 ಡಿಗ್ರಿಗೆ 256 ಹೆಜ್ಜೆ, ಅಂದರೆ ಹೆಜ್ಜೆಗೆ ಎರಡು ಡಿಗ್ರಿಗಿಂತ ತುಸು ಹೆಚ್ಚು. 10 ಮೀಟರ್ ದೂರದಲ್ಲಿ ಅದು ಸುಮಾರು 37 ಸೆಂಟಿಮೀಟರ್. ಮುಖಕ್ಕೆ ಹಿಡಿದ ಬೆಳಕು ಒಂದೇ ನೆಗೆತಕ್ಕೆ ಭುಜ ದಾಟುತ್ತದೆ. ಫೈನ್ ಎಂಬ ಎರಡನೆಯ ಚಾನೆಲ್ ಸೇರಿದರೆ ಹೆಜ್ಜೆಗಳು 65,536.

“ಕ್ಲಾಂಪು ಬಿಗಿಯಿದ್ದರೆ ಸೇಫ್ಟಿ ವೈರ್ ಯಾಕೆ?”

ನಟ್ಟು ಸಡಿಲವಾಗುತ್ತದೆ, ಅದಕ್ಕೆ. ವೈರ್ ಟ್ರಸ್ಸಿನ ದಪ್ಪ ಪೈಪನ್ನೇ ಬಳಸಿರಬೇಕು, ಓರೆಯ ಸಣ್ಣ ಕಂಬಿಯನ್ನಲ್ಲ. ಇದರಲ್ಲಿ ಚರ್ಚೆಯಿಲ್ಲ.

“ನಿನ್ನೆ ಸೇವ್ ಮಾಡಿದ್ದು ಇವತ್ತಿಗೂ ಬರುತ್ತದೆ.”

ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಮೇಳಕ್ಕೆ ದಿನಕ್ಕೊಂದು ಊರು. ನಿನ್ನೆ ಬದಿಯಡ್ಕದ ಗದ್ದೆ, ಇಂದು ಉಪ್ಪಳದ ಶಾಲೆ ಮೈದಾನ. ಜೊತೆಗೆ ಹೋಗುವ ಲೈಟಿನವರಿಗೆ ಟ್ರಸ್ಸು ಒಂದು ಅಡಿ ಹೆಚ್ಚು ಏರಿದರೂ, ಭಾರಕ್ಕೆ ನಡು ತುಸು ಬಾಗಿದರೂ ಗುರಿ ತಪ್ಪುತ್ತದೆ. ಆದ್ದರಿಂದ ಇಡೀ ಪ್ರಸಂಗದ ಕ್ಯೂಗಳನ್ನು ಡಿಗ್ರಿಗಳಿಗೆ ಕಟ್ಟಿಹಾಕಬಾರದು. ರಂಗದ ನಡು, ಎಡ, ಬಲ, ಭಾಗವತರ ಜಾಗ ಎಂದು ನಾಲ್ಕು ಪೊಸಿಷನ್ ಪ್ರಿಸೆಟ್ ಮಾಡಿ, ಎಲ್ಲ ಕ್ಯೂಗಳನ್ನೂ ಅವಕ್ಕೇ ಜೋಡಿಸಬೇಕು. ಟ್ರಸ್ಸು ಪೂರ್ತಿ ಏರಿ ಪಿನ್ ಬಿದ್ದ ಮೇಲೆ ಆ ನಾಲ್ಕನ್ನಷ್ಟೇ ಹೊಸದಾಗಿ ಹಿಡಿದರೆ ಕೇಳಿ ಬಡಿಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.